ಲ್ಯಾಪ್‌ಟಾಪ್ ಮುಟ್ಟಬೇಡ ಎನ್ನುವವರಿಗೆ

ಕ್ಯಾಮ್‌ಶಾಫ್ಟ್ ಬದಲಾಯಿಸಿದವನನ್ನು ಯಾರೂ ಬೈಯುವುದಿಲ್ಲ. ಹೆಡ್ ಬಿಚ್ಚಿ ಪೋರ್ಟ್ ಉಜ್ಜಿಸಿದರೆ ಬೆನ್ನು ತಟ್ಟುತ್ತಾರೆ. ನಾಲ್ಕು ಸಿಲಿಂಡರಿಗೆ ನಾಲ್ಕು ಥ್ರಾಟಲ್ ಕೂರಿಸಿದರಂತೂ ಬಾನೆಟ್ ಎತ್ತಿಸಿ ಫೋಟೊ ಹೊಡೆದುಕೊಳ್ಳುತ್ತಾರೆ. ಇಷ್ಟೆಲ್ಲ ಆದ ಮೇಲೆ ಅದೇ ಮನುಷ್ಯ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಕೇಬಲ್ ಸಿಕ್ಕಿಸಿ, ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಹೋಗಬೇಕು, ಕಿಡಿ ಯಾವಾಗ ಹಾರಬೇಕು ಅನ್ನೋದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರೆ ಸಾಕು, ಸುತ್ತ ನಿಂತವರ ಮುಖ ಬದಲಾಗುತ್ತದೆ. ‘ಅದೊಂದು ಬೇಡ ಮಾರಾಯ, ಗೊತ್ತಿರೋರ ಕೈಗೆ ಕೊಡು.’

ಈ ಮಾತನ್ನು ಗ್ಯಾರೇಜಿನವರು ಹೇಳುತ್ತಾರೆ, ಟ್ಯೂನಿಂಗ್ ಅಂಗಡಿಯವರು ಹೇಳುತ್ತಾರೆ, ರೇಸ್ ಓಡಿಸಿ ಬಂದವರು ಹೇಳುತ್ತಾರೆ, ಏನೂ ಓಡಿಸದವರು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಅವರ ವಾದಗಳಲ್ಲಿ ಕೆಲವಕ್ಕೆ ತೂಕವಿದೆ, ಕೆಲವು ಬರೀ ಜೊಳ್ಳು. ನನ್ನ ಮಾತು ಶೋರೂಮಿನಿಂದ ಬಂದ ಹಾಗೇ ಇರುವ ಕಾರಿನ ಬಗ್ಗೆ ಅಲ್ಲ. ಅಂಥ ಎಂಜಿನ್ನಿನ ಲೆಕ್ಕವೆಲ್ಲ ಕಂಪನಿಯದು, ಅದಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ. ನಾನು ಹೇಳುತ್ತಿರುವುದು ಟ್ರ್ಯಾಕಿಗೋ ಆಟೊಕ್ರಾಸಿಗೋ ಎಂದು ಕಟ್ಟಿದ, ಒಳಗಿನ ಸಾಮಾನು ಬದಲಾದ ಎಂಜಿನ್ ಬಗ್ಗೆ. ಹಳೆಯ ಎಸ್ಟೀಮ್, ಜಿಪ್ಸಿಗಳಲ್ಲಿದ್ದ 1298 ಸಿಸಿಯ ಹದಿನಾರು ವಾಲ್ವಿನ ಎಂಜಿನ್ ಎಂದುಕೊಳ್ಳಿ. ಬೆಂಗಳೂರಿನ ಹುಡುಗರು ಕೈ ಪಳಗಿಸಿಕೊಂಡದ್ದು ಹೆಚ್ಚಾಗಿ ಅದರ ಮೇಲೆಯೇ. ಅದರ ಕ್ಯಾಮ್ ಬದಲಾದ ದಿನವೇ ಕಂಪನಿಯ ಲೆಕ್ಕ ಸುಳ್ಳಾಯಿತು. ಹೊಸ ಲೆಕ್ಕ ಯಾರಾದರೂ ಹಾಕಲೇಬೇಕು. ಬದಲಾಯಿಸಿದವನೇ ಯಾಕೆ ಹಾಕಬಾರದು ಎಂಬುದು ನನ್ನ ಪ್ರಶ್ನೆ.

ಎಲ್ಲರೂ ಮೊದಲು ಎತ್ತುವ ಮಾತು: ‘ಎಂಜಿನ್ ಸುಟ್ಟುಕೊಳ್ತೀಯ.’

ಸುಡಬಹುದು. ಸುಡುವುದೇ ಇಲ್ಲ ಎನ್ನುವವನ ಮಾತು ನಂಬಬೇಡಿ. ಆದರೆ ಎಂಜಿನ್ ಹೇಗೆ ಸುಡುತ್ತದೆ ಎಂದು ತಿರುಗಿ ಕೇಳಿದರೆ, ಹೆದರಿಸಿದವರಲ್ಲಿ ಮುಕ್ಕಾಲು ಪಾಲು ಜನ ಆಕಾಶ ನೋಡುತ್ತಾರೆ. ಪ್ಲಗ್ಗಿನಿಂದ ಹೊರಟ ಬೆಂಕಿ ಸಿಲಿಂಡರಿನ ಆ ಅಂಚು ಮುಟ್ಟುವ ಮೊದಲೇ, ಅಲ್ಲಿ ಒತ್ತಡಕ್ಕೂ ಬಿಸಿಗೂ ಸಿಕ್ಕಿಬಿದ್ದ ಪೆಟ್ರೋಲ್-ಗಾಳಿ ತಾನಾಗಿ ಹೊತ್ತಿಕೊಂಡರೆ ಅದೇ ನಾಕಿಂಗ್. ಆ ಏಟಿಗೆ ಪಿಸ್ಟನ್ನಿನ ತಲೆಯನ್ನು ಕಾಯುತ್ತಿದ್ದ ತೆಳು ಅನಿಲದ ಪದರ ಹರಿದು, ಬೆಂಕಿಯ ಬಿಸಿ ನೇರ ಲೋಹಕ್ಕೇ ತಾಗುತ್ತದೆ. ರಿಂಗುಗಳ ನಡುವಿನ ದಂಡೆ ಮುರಿಯುತ್ತದೆ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವುಗಳಲ್ಲಿ ಹೊಳೆಯುವಂಥವು ಪಿಸ್ಟನ್ನಿನದೇ ಅಲ್ಯುಮಿನಿಯಂ. ಟ್ಯೂನಿಂಗ್ ಮಾಡುವವನ ಕೈಯಿಂದ ಇದು ಆಗುವುದಿದ್ದರೆ ದಾರಿ ಎರಡೇ. ಎಕ್ಸಲೇಟರ್ ಪೂರ್ತಿ ಒತ್ತಿದಾಗ ಪೆಟ್ರೋಲ್ ಸಾಲದೆ ಹೋಗುವುದು ಒಂದು, ಕಿಡಿ ತೀರಾ ಬೇಗ ಹಾರುವುದು ಇನ್ನೊಂದು.

ಇವೆರಡೂ ಕತ್ತಲಲ್ಲಿ ನಡೆಯುವ ಕೆಲಸವಲ್ಲ. ಪೆಟ್ರೋಲಿನ ಅಳತೆ ಹೇಳಲು ಸೈಲೆನ್ಸರ್ ಪೈಪಿಗೆ ಕೂರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇದೆ. ಬಾಷ್ ಕಂಪನಿಯ ಎಲ್‌ಎಸ್‌ಯು 4.9 ಎಂಬುದು ಹವ್ಯಾಸಿಗಳಿಂದ ಹಿಡಿದು ರೇಸ್ ತಂಡಗಳವರೆಗೆ ಎಲ್ಲರೂ ಬಳಸುವಂಥದ್ದು. ಶುದ್ಧ ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಒತ್ತಿ ಓಡಿಸುವಾಗ ತಂಪಿಗೂ ಶಕ್ತಿಗೂ ಬೇಕಾಗಿ ಪೆಟ್ರೋಲನ್ನು ಒಂದಿಷ್ಟು ಹೆಚ್ಚು ಕೊಡುತ್ತೇವೆ, ಅಂದರೆ 12.8ರ ಆಸುಪಾಸು. ಈಗ ಒಂದೇ ಒಂದು ಚೌಕವನ್ನು ಹತ್ತಿರದಿಂದ ನೋಡಿ. ಇಸಿಯು ಪೆಟ್ರೋಲಿನ ಲೆಕ್ಕ ಹಾಕುವ, ಪರದೆಯ ಮೇಲಿನ ಕೋಷ್ಟಕದಲ್ಲಿ ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಮ್ಯಾನಿಫೋಲ್ಡಿನ ಒತ್ತಡ. 3600 ಆರ್‌ಪಿಎಂ, 85 ಕಿಲೊಪಾಸ್ಕಲ್ ಸೇರುವ ಚೌಕದಲ್ಲಿ 72 ಎಂದು ಬರೆದಿದೆ: ಸಿಲಿಂಡರ್ ತುಂಬಬಹುದಾದ ಗಾಳಿಯಲ್ಲಿ ನೂರಕ್ಕೆ 72 ಪಾಲು ಒಳಗೆ ಬರುತ್ತಿದೆ ಎಂಬ ಊಹೆ. ಓಡಿಸಿ ಬಂದು, ಓಡುವಾಗಿನ ಅಂಕಿಗಳ ದಾಖಲೆಯಾದ ಲಾಗ್ ತೆರೆದರೆ ಅಲ್ಲಿ ಬೇಕಿದ್ದದ್ದು 12.8, ಸೆನ್ಸರ್ ಕಂಡದ್ದು 13.9. ಊಹೆಗಿಂತ ಹೆಚ್ಚು ಗಾಳಿ ಬಂದಿದೆ, ಪೆಟ್ರೋಲ್ ಸಾಲಲಿಲ್ಲ. 72ನ್ನು 13.9ರಿಂದ ಗುಣಿಸಿ 12.8ರಿಂದ ಭಾಗಿಸಿ: 78. ಅಲ್ಲಿ 78 ಬರೆಯಿರಿ. ಹೈಸ್ಕೂಲಿನ ತ್ರೈರಾಶಿ ಬರುವವನಿಗೆ ಈ ವಿದ್ಯೆ ಬಾರದು ಎನ್ನುವುದಾದರೆ ವಿದ್ಯೆಯ ಬಗ್ಗೆ ಅಷ್ಟೊಂದು ಹೆದರಿಕೆ ಹುಟ್ಟಿಸಿದವರನ್ನೇ ಕೇಳಬೇಕು.

ಕಿಡಿಯ ಲೆಕ್ಕ ಇಷ್ಟು ಸಲೀಸಲ್ಲ, ಒಪ್ಪುತ್ತೇನೆ. ಅದಕ್ಕೇ ಕಲಿಯುವ ಕ್ರಮದಲ್ಲಿ ಪೆಟ್ರೋಲ್ ಮೊದಲು, ಟೈಮಿಂಗ್ ಆಮೇಲೆ. ಟೈಮಿಂಗ್ ಕೋಷ್ಟಕವನ್ನು ಮೊದಲು ಬೇಕೆಂತಲೇ ಹಿಂದಕ್ಕೆ ಇಟ್ಟುಕೊಂಡು, ಪೆಟ್ರೋಲ್ ಎಲ್ಲ ಚೌಕದಲ್ಲೂ ಸರಿಯಾದ ಮೇಲೆ ಒಂದೊಂದೇ ಡಿಗ್ರಿ ಮುಂದಕ್ಕೆ ತರಬೇಕು. ಅದಕ್ಕೂ ಮೊದಲು ಇಸಿಯು ಹೇಳುವ ಡಿಗ್ರಿಯೂ ಎಂಜಿನ್ನಿನಲ್ಲಿ ನಿಜವಾಗಿ ನಡೆಯುವ ಡಿಗ್ರಿಯೂ ಒಂದೇ ಎಂದು ಟೈಮಿಂಗ್ ಲೈಟ್ ಹಿಡಿದು ಖಾತ್ರಿ ಮಾಡಿಕೊಳ್ಳಬೇಕು. ಸಾಫ್ಟ್‌ವೇರಿನಲ್ಲಿ ಕಿಡಿಯನ್ನು 10 ಡಿಗ್ರಿಗೆ ಕಟ್ಟಿಹಾಕಿ, ಕ್ರ್ಯಾಂಕ್ ಪುಲ್ಲಿಯ ಗುರುತಿನ ಮೇಲೆ ಲೈಟ್ ಬಿಟ್ಟರೆ ಗುರುತು 10ರಲ್ಲೇ ನಿಂತಿರಬೇಕು. ಎಕ್ಸಲೇಟರ್ ಕೊಟ್ಟು ಆರ್‌ಪಿಎಂ ಏರಿಸಿದರೂ ಕದಲಬಾರದು. ಅದು 16ರಲ್ಲಿ ನಿಂತಿದ್ದರೆ ಕೋಷ್ಟಕದ ಪ್ರತಿ ಅಂಕಿಯೂ ಆರು ಡಿಗ್ರಿ ಸುಳ್ಳು. ‘ಸ್ವಂತ ಟ್ಯೂನ್ ಮಾಡಿ ಸುಟ್ಟ’ ಎಂದು ಊರೆಲ್ಲ ಸುತ್ತುವ ಕಥೆಗಳಲ್ಲಿ ಎಷ್ಟೋ ಈ ಐದು ನಿಮಿಷದ ಕೆಲಸ ಬಿಟ್ಟವರ ಕಥೆಗಳು. ಅವು ಕಲಿಯಬಾರದು ಎನ್ನುವುದಕ್ಕೆ ಸಾಕ್ಷಿಯಲ್ಲ, ಅರ್ಧಕ್ಕೆ ಕಲಿತವರ ಲೆಕ್ಕ.

ಬಲ್ಲವರ ಕೈಯಲ್ಲೂ ಎಂಜಿನ್ ಹೋಗುತ್ತದೆ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೋದಾಗ ಲಾಗ್ ಓದಲು ಬರುವ ಮಾಲೀಕ ‘ಇಲ್ಲಿ ನೋಡಿ, 5800ರಲ್ಲಿ ಪೆಟ್ರೋಲ್ ಒತ್ತಡ ಬಿದ್ದಿದೆ’ ಎನ್ನಬಲ್ಲ. ಓದಲು ಬಾರದವನು ಇನ್ನೊಂದು ಹಳೇ ಎಂಜಿನ್ ಹುಡುಕಿಕೊಂಡು ಹೊರಡುತ್ತಾನೆ.

ಎರಡನೆಯ ಆಕ್ಷೇಪ ಸ್ವಲ್ಪ ಜಾಣತನದ್ದು: ‘ವೈಡ್‌ಬ್ಯಾಂಡ್ ನಂಬಿ ಕೂತರೆ ಕೆಟ್ಟೆ. ಅದೂ ಸುಳ್ಳು ಹೇಳುತ್ತೆ.’

ಇದು ಪೂರ್ತಿ ನಿಜ, ಹೇಳಿದವರಿಗೆ ನಮಸ್ಕಾರ. ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಮ್ಲಜನಕ ಕಾಣುತ್ತದೆ. ಒಂದು ಸಿಲಿಂಡರ್ ಮಿಸ್ ಹೊಡೆದರೆ ಉರಿಯದ ಗಾಳಿ ಹಾಗೇ ಹೊರಬಂದು, ಪೆಟ್ರೋಲ್ ಕಡಿಮೆ ಎಂದು ಸೆನ್ಸರ್ ಹೇಳುತ್ತದೆ. ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿದರೆ ಪ್ಲಗ್ ಒದ್ದೆಯಾಗಿ ಮಿಸ್ಸಿಂಗ್ ಹೆಚ್ಚುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದ್ದರೂ ಅದೇ ಮೋಸ. ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿರುವ ರೇಸ್ ಕ್ಯಾಮ್ ಹಾಕಿದರಂತೂ ಐಡ್ಲಿಂಗಿನಲ್ಲಿ ಸೆನ್ಸರಿನ ಅಂಕಿಗೆ ಅರ್ಧ ಬೆಲೆ ಕೊಟ್ಟರೆ ಹೆಚ್ಚು. ಆದರೆ ಈ ವಾದ ಕೊನೆಗೆ ಯಾರ ಪರ ನಿಲ್ಲುತ್ತದೆ? ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡ, ಅದು ಯಾವಾಗ ಸುಳ್ಳಾಡುತ್ತದೆ ಎಂದು ತಿಳಿದುಕೊ ಎನ್ನುತ್ತದೆ. ಕಲಿಯಬೇಕಾದದ್ದೂ ಅದೇ. ಸಾಫ್ಟ್‌ವೇರಿನ ಆಟೊಟ್ಯೂನ್ ಗುಂಡಿ ಒತ್ತಿ ಕಣ್ಣು ಮುಚ್ಚುವವರಿಗೆ ಈ ಏಟು ಸಲ್ಲಬೇಕು, ಅವರ ಪರ ನಾನು ವಾದಿಸುತ್ತಿಲ್ಲ.

‘ಕಂಪನಿಯ ಎಂಜಿನಿಯರುಗಳಿಗಿಂತ ನೀನು ಬುದ್ಧಿವಂತನೋ?’ ಎನ್ನುವುದು ಮೂರನೆಯದು. ಅಲ್ಲ. ಅವರು ರಾಜಸ್ಥಾನದ ಬಿಸಿಲಿನಲ್ಲೂ ಲಡಾಖಿನ ಚಳಿಯಲ್ಲೂ ಓಡುವ ಹಾಗೆ ಲೆಕ್ಕ ಹಾಕಿದ್ದಾರೆ. ಆದರೆ ಅವರು ಲೆಕ್ಕ ಹಾಕಿದ ಎಂಜಿನ್ ಈಗ ಈ ಬಾನೆಟ್ಟಿನ ಕೆಳಗೆ ಇಲ್ಲ. ಈ ವಾದಕ್ಕೆ ಇಷ್ಟು ಉತ್ತರ ಸಾಕು.

ಇನ್ನು ಡೈನೋದ ಮಾತು. ಇದರ ಮೇಲೆ ಸ್ವಲ್ಪ ಕೂತು ಮಾತಾಡಬೇಕು. ‘ಡೈನೋ ಇಲ್ಲದೆ ಟ್ಯೂನಿಂಗ್ ಅನ್ನೋದು ಹುಡುಗಾಟ’ ಎನ್ನುವುದು ನಾನು ಬಹಳ ಸಲ ಕೇಳಿದ, ಬಹಳ ಗೌರವದಿಂದ ಉಚ್ಚರಿಸಲ್ಪಡುವ ವಾಕ್ಯ.

ಡೈನೋ ಒಳ್ಳೆಯ ಯಂತ್ರ. ಚಕ್ರಗಳನ್ನು ರೋಲರಿನ ಮೇಲೆ ನಿಲ್ಲಿಸಿ, ಒಂದೇ ಗೇರಿನಲ್ಲಿ ಪೂರ್ತಿ ಒತ್ತಿ, ಕೆಳಗಿನ ಆರ್‌ಪಿಎಂನಿಂದ ಕೊನೆಯವರೆಗೆ ಎಳೆದು, ಟಾರ್ಕ್ ಎಷ್ಟು ಬಂತು ಎಂದು ಗೆರೆ ಎಳೆದು ತೋರಿಸುತ್ತದೆ. ಕಿಡಿಯನ್ನು ಒಂದು ಡಿಗ್ರಿ ಮುಂದೆ ತಂದರೆ ಟಾರ್ಕ್ ಏರಿತೇ, ಇಲ್ಲವೇ ಎನ್ನುವುದನ್ನು ಇಷ್ಟು ಚೊಕ್ಕಟವಾಗಿ ಹೇಳುವ ಸಾಧನ ಬೇರೆ ಇಲ್ಲ. ಏರದೆ ನಿಂತ ಜಾಗದಲ್ಲಿ ನಾವೂ ನಿಲ್ಲಬೇಕು. ಅದರಾಚೆಗೆ ಡಿಗ್ರಿ ಕೊಟ್ಟರೆ ಸಿಗುವುದು ಶಕ್ತಿಯಲ್ಲ, ನಾಕಿಂಗ್. ಆದ್ದರಿಂದ ಪೂರ್ತಿ ಎಕ್ಸಲೇಟರಿನ ಟೈಮಿಂಗಿಗೆ, ಅದರಲ್ಲೂ ಟರ್ಬೊ ಇದ್ದರೆ, ಒಂದೆರಡು ಗಂಟೆ ಡೈನೋ ಬಾಡಿಗೆಗೆ ಹಿಡಿಯಿರಿ ಎಂದು ನಾನೂ ಹೇಳುತ್ತೇನೆ.

ಆದರೆ ಹಾಗೆ ಪೂರ್ತಿ ಒತ್ತಿ ಎಳೆದಾಗ ಡೈನೋ ಕಾಣುವುದು ಕೋಷ್ಟಕದ ಮೇಲಿನ ಒಂದೆರಡು ಸಾಲುಗಳನ್ನು. ಕಾರು ಬದುಕುವುದು ಉಳಿದ ಸಾಲುಗಳಲ್ಲಿ. ಕೋಲ್ಡ್ ಸ್ಟಾರ್ಟನ್ನೇ ತೆಗೆದುಕೊಳ್ಳಿ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಬೆಳಿಗ್ಗೆ ಒಂದೇ ಸಲ ತಣ್ಣಗೆ ಸ್ಟಾರ್ಟ್ ಆಗುತ್ತದೆ. ಆ ಪರೀಕ್ಷೆಯಲ್ಲಿ ಎಡವಿದರೆ ಮತ್ತೆ ಮರುದಿನದ ಬೆಳಿಗ್ಗೆಗೇ ಕಾಯಬೇಕು. ಗಂಟೆಗಿಷ್ಟು ಎಂದು ಹಣ ತೆಗೆದುಕೊಳ್ಳುವ ಯಾವ ಟ್ಯೂನರ್ ತಾನೇ ವಾರಗಟ್ಟಲೆ ಬೆಳಿಗ್ಗೆ ಆರಕ್ಕೆ ನಿಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತಾನೆ? ಐಡ್ಲಿಂಗಿನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗಿದ ಕೂಡಲೇ ಎಂಜಿನ್ ಮುಗ್ಗರಿಸುವುದನ್ನು ನೋಡಿರುತ್ತೀರಿ. ಕರೆಂಟು ಕೊಟ್ಟ ಕ್ಷಣವೇ ಇಂಜೆಕ್ಟರ್ ತೆರೆಯುವುದಿಲ್ಲ, ತೆರೆಯಲು ಒಂದು ಮಿಲಿಸೆಕೆಂಡ್ ಆಚೀಚೆ ಹೊತ್ತು ಹಿಡಿಯುತ್ತದೆ. ಫ್ಯಾನ್ ತಿರುಗಿ ವೋಲ್ಟೇಜ್ ಬಿದ್ದರೆ ಆ ಹೊತ್ತು ಇನ್ನೂ ಹೆಚ್ಚುತ್ತದೆ, ಪೆಟ್ರೋಲ್ ಅಷ್ಟರಮಟ್ಟಿಗೆ ಕಡಿಮೆ ಬೀಳುತ್ತದೆ. ಆ ತಿದ್ದುಪಡಿಯ ಅಂಕಿ ತಪ್ಪಿದ್ದರೆ ಡೈನೋದ ಮೇಲೆ ರಾಜನಂತೆ ಮೆರೆದ ಕಾರು ಸ್ಟಾರ್ಟ್ ಗೆರೆಯಲ್ಲಿ ನಿಂತಲ್ಲೇ ಆಫ್ ಆಗುತ್ತದೆ. ಇವೆಲ್ಲ ಕಾರಿನ ಜೊತೆ ಇರುವವನಿಗೆ ಮಾತ್ರ ಸಿಗುವ ಸಂಗತಿಗಳು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬೆಂಗಳೂರಿನಲ್ಲಿ ಕೂತು ಎಂಜಿನ್ ಕಟ್ಟುವವರು ಅದನ್ನು ದಿನಾ ನೋಡುತ್ತಾರೆ, ಗಮನಿಸುವುದು ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಹೆಚ್ಚೂಕಡಿಮೆ 91 ಕಿಲೊಪಾಸ್ಕಲ್. ಟರ್ಬೊ ಇಲ್ಲದ ಎಂಜಿನ್ನನ್ನು ಎಷ್ಟೇ ಒತ್ತಿದರೂ ಮ್ಯಾನಿಫೋಲ್ಡಿನಲ್ಲಿ ಅದಕ್ಕಿಂತ ಹೆಚ್ಚು ಒತ್ತಡ ಬರುವ ಹಾಗಿಲ್ಲ. ಅಂದರೆ ಕೋಷ್ಟಕದಲ್ಲಿ 100 ಕಿಲೊಪಾಸ್ಕಲ್ ಎಂದು ಬರೆದ ಮೇಲಿನ ಸಾಲಿಗೆ ಬೆಂಗಳೂರಿನ ಕಾರು ಕಾಲೇ ಇಡುವುದಿಲ್ಲ. ಇಲ್ಲಿಯ ಡೈನೋದಲ್ಲೂ ಇಡುವುದಿಲ್ಲ. ಆ ಸಾಲಿನಲ್ಲಿ ಇರುವುದು ಯಾರೋ ಕೂತು ಬರೆದ ಅಂದಾಜು.

ಈಗ ಅದೇ ಕಾರನ್ನು ಟ್ರೇಲರಿನ ಮೇಲೆ ಹೇರಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯ ರೇಸ್ ಟ್ರ್ಯಾಕಿಗೆ ಒಯ್ಯಿರಿ. ದಕ್ಷಿಣದ ಹವ್ಯಾಸಿ ರೇಸರಿಗೆ 1990ರಿಂದ ಇರುವ ಮನೆ ಅದು. ಅಲ್ಲಿ ಗಾಳಿ ಹೆಚ್ಚು ಕಡಿಮೆ ಸಮುದ್ರಮಟ್ಟದ್ದು, ಒತ್ತಡ 101ರ ಹತ್ತಿರ. ಮೊದಲ ಸುತ್ತಿನಲ್ಲೇ, ನೇರ ದಾರಿಯಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿದ ಕ್ಷಣ, ಎಂಜಿನ್ ಯಾರೂ ಟ್ಯೂನ್ ಮಾಡದ ಸಾಲಿನೊಳಗೆ ನುಗ್ಗುತ್ತದೆ. ಸಿಲಿಂಡರಿಗೆ ಹತ್ತು ಪರ್ಸೆಂಟಿನಷ್ಟು ಹೆಚ್ಚು ಗಾಳಿ, ಅಷ್ಟೇ ಹೆಚ್ಚು ಒತ್ತಡ. ಮೇಲೆ ಚೆನ್ನೈನ ಬಿಸಿಲು. ನಾಕಿಂಗಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಬೇಕಿಲ್ಲ. ನಾಲ್ಕು ಥ್ರಾಟಲ್ ಹಾಕಿದ ಕಾರಾದರೆ ಇನ್ನೂ ಕಷ್ಟ. ಅಲ್ಲಿ ಮ್ಯಾನಿಫೋಲ್ಡಿನ ಒತ್ತಡ ನಿಲ್ಲದೆ ಕುಣಿಯುವುದರಿಂದ ಬಹಳ ಮಂದಿ ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನೇ ಹಿಡಿದು ಪೆಟ್ರೋಲ್ ಲೆಕ್ಕ ಹಾಕುತ್ತಾರೆ. ಹೊರಗಿನ ಗಾಳಿಯ ಒತ್ತಡದ ತಿದ್ದುಪಡಿ ಹಾಕದಿದ್ದರೆ ಇಸಿಯುಗೆ ತಾನು ಘಟ್ಟ ಇಳಿದದ್ದೇ ತಿಳಿಯುವುದಿಲ್ಲ. ಬೆಂಗಳೂರಿನ ಅಳತೆಯಲ್ಲೇ ಪೆಟ್ರೋಲ್ ಬಡಿಸುತ್ತಾ ಹೋಗುತ್ತದೆ.

ಟ್ರ್ಯಾಕಿನ ಪಿಟ್‌ನಲ್ಲಿ, ಪ್ರಾಕ್ಟೀಸ್ ಶುರುವಾಗಲು ಸ್ವಲ್ಪ ಹೊತ್ತಿರುವಾಗ, ಬೆಂಗಳೂರಿನ ಡೈನೋ ಮಾಲೀಕರಿಗೆ ಫೋನ್ ಮಾಡಿ ‘ಸಾರ್, ಏನು ಮಾಡಲಿ’ ಎಂದು ಕೇಳುವ ಹುಡುಗರನ್ನು ನೋಡಿದರೆ ಪಾಪ ಅನಿಸುತ್ತದೆ. ಪಕ್ಕದ ಪಿಟ್‌ನಲ್ಲಿ ಇನ್ನೊಬ್ಬ ಮೊದಲೆರಡು ಸುತ್ತು ಅರ್ಧ ಎಕ್ಸಲೇಟರಿನಲ್ಲಿ ಓಡಿಸಿ, ಒಳಗೆ ಬಂದು, ಲಾಗ್ ತೆರೆದು, ಮೇಲಿನ ಸಾಲಿನ ಟೈಮಿಂಗ್ ಎರಡು ಡಿಗ್ರಿ ಹಿಂದೆ ಎಳೆದು, ಪೆಟ್ರೋಲಿನ ಅಂಕಿ ಒಂದಿಷ್ಟು ಏರಿಸಿ ಮತ್ತೆ ಹೊರಡುತ್ತಾನೆ. ಅವನು ಎಂಜಿನಿಯರಿಂಗ್ ಓದಿದವನೇ ಆಗಬೇಕೆಂದಿಲ್ಲ. ಮೇಲಿನ ಸಾಲಿನಲ್ಲಿರುವುದು ಬರೀ ಅಂದಾಜು ಎಂದು ಅವನಿಗೆ ಗೊತ್ತಿದೆ, ಅಷ್ಟೇ.

‘ರೆಡಿಮೇಡ್ ಮ್ಯಾಪ್ ಸಿಗುತ್ತಲ್ಲ, ದುಡ್ಡು ಕೊಟ್ಟು ಹಾಕಿಸಿಕೊ’ ಎನ್ನುವವರ ವಾದ ಡೈನೋ ವಾದದ ತಮ್ಮ. ಮ್ಯಾಪ್ ಎಂದರೆ ಈ ಕೋಷ್ಟಕಗಳೇ. ಎಂಜಿನ್ ಬದಲಾಗದ, ಕಂಪನಿಯ ಟರ್ಬೊ ಇರುವ ಕಾರಿಗೆ ಅದರ ಉಪಯೋಗ ಇರಬಹುದು. ಒಂದೇ ಅಚ್ಚಿನ ಸಾವಿರ ಎಂಜಿನ್ನುಗಳು ಸುಮಾರು ಒಂದೇ ಥರ ಇರುತ್ತವೆ. ಲೇತಿನ ಮೇಲೆ ಕೂತು ಎದ್ದು ಬಂದ ಎಂಜಿನ್ ಹಾಗಲ್ಲ. ನಿಮ್ಮ ಹೆಡ್ಡಿನಿಂದ ಎಷ್ಟು ಕೆತ್ತಿದ್ದಾರೆ, ಗ್ಯಾಸ್ಕೆಟ್ ಎಷ್ಟು ದಪ್ಪ, ಕ್ಯಾಮ್ ಎಷ್ಟು ಡಿಗ್ರಿ ತಿರುಗಿಸಿ ಕೂರಿಸಿದ್ದಾರೆ, ಜೆ.ಸಿ. ರಸ್ತೆಯ ಯಾವ ಅಂಗಡಿಯ ಯಾವ ಇಂಜೆಕ್ಟರ್ ಹಾಕಿದ್ದಾರೆ ಎನ್ನುವುದು ಪುಣೆಯಲ್ಲೋ ಪೋಲೆಂಡಿನಲ್ಲೋ ಮ್ಯಾಪ್ ಬರೆದವನಿಗೆ ಹೇಗೆ ಗೊತ್ತಾಗಬೇಕು?

ಅದೂ ಹೋಗಲಿ, ಪೆಟ್ರೋಲೇ ಬದಲಾಗಿದೆಯಲ್ಲ. ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ20. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಗಾಳಿ ಕಡಿಮೆ ಸಾಕು: ಒಂದು ಪಾಲಿಗೆ ಸುಮಾರು ಒಂಬತ್ತು. ಬೆರಕೆಯಾದ ಮೇಲೆ 14.7 ಇದ್ದ ಲೆಕ್ಕ 13.5ರ ಆಸುಪಾಸಿಗೆ ಇಳಿಯುತ್ತದೆ. ಎಥನಾಲ್ ಇಲ್ಲದ ಕಾಲದಲ್ಲಿ ಬರೆದ ಮ್ಯಾಪು ಇಂದಿನ ಪೆಟ್ರೋಲಿಗೆ ನೂರಕ್ಕೆ ಏಳೆಂಟು ಪಾಲು ಲೀನ್, ಅಂದರೆ ಪೆಟ್ರೋಲ್ ಅಷ್ಟು ಕಡಿಮೆಯಾಗಿ, ಓಡುತ್ತದೆ. ಕಂಪನಿಯ ಇಸಿಯು ತನ್ನ ಸೆನ್ಸರ್ ನೋಡಿಕೊಂಡು ಒಂದಿಷ್ಟು ಸರಿದೂಗಿಸಿಕೊಳ್ಳುತ್ತದೆ. ಹವ್ಯಾಸಿ ಇಸಿಯುಗಳಲ್ಲಿ ಪೂರ್ತಿ ಎಕ್ಸಲೇಟರಿನಲ್ಲಿ ಆ ಸರಿದೂಗಿಸುವಿಕೆಯನ್ನು ಸಾಮಾನ್ಯವಾಗಿ ಬಂದ್ ಮಾಡಿರುತ್ತಾರೆ, ಕೋಷ್ಟಕ ಹೇಳಿದ್ದೇ ವೇದವಾಕ್ಯ. ಇ20ಯ ಆಕ್ಟೇನ್ ಒಂದಿಷ್ಟು ಹೆಚ್ಚು ಎಂಬ ಸಮಾಧಾನ ಇದೆ, ನಿಜ. ಆದರೆ ಅದರ ಲಾಭ ಪಡೆಯಲೂ ಟೈಮಿಂಗ್ ಕೋಷ್ಟಕಕ್ಕೆ ಕೈ ಹಾಕಲೇಬೇಕು. ಮ್ಯಾಪ್ ಮಾರಿದವರು ನಿಮ್ಮ ಮನೆ ಹುಡುಕಿಕೊಂಡು ಬಂದು ಇದನ್ನು ತಿದ್ದಿಕೊಡುತ್ತಾರೆ ಎಂದು ನೀವು ನಂಬಿದರೆ ನಂಬಿ.

ಇಷ್ಟು ಹೊತ್ತು ಮಾತಾಡಿದ್ದು ಹೊಸ ಕಾಲದವರ ಜೊತೆ. ಹಳೆಯ ಕಾಲದ ಉಸ್ತಾದರುಗಳ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ: ‘ಇದೆಲ್ಲ ಯಾಕಪ್ಪಾ, ಕಿವಿ ಇಲ್ವಾ ನಿಂಗೆ? ನಾವು ಪದ್ಮಿನಿ, ಅಂಬಾಸಿಡರನ್ನೆಲ್ಲ ಲ್ಯಾಪ್‌ಟಾಪ್ ಇಟ್ಕೊಂಡು ಟ್ಯೂನ್ ಮಾಡಿದ್ವಾ?’

ಈ ಜನರ ಮೇಲೆ ನನಗೆ ಇರುವ ಗೌರವ ಡೈನೋ ಮೇಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೂ ಹಿಡಿಯನ್ನು ಕಿವಿಗೂ ಒತ್ತಿ ಯಾವ ಟ್ಯಾಪೆಟ್ ಸಡಿಲ ಎಂದು ಹೇಳುವುದನ್ನು, ಡಿಸ್ಟ್ರಿಬ್ಯೂಟರನ್ನು ಎರಡು ಬೆರಳಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ ಎಂಜಿನ್ನಿನ ಸ್ವರ ಮೇಲೇರುವಂತೆ ಮಾಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಅವರ ವಾದಕ್ಕೆ ನನ್ನ ಉತ್ತರ ವಿರೋಧದ್ದಲ್ಲ, ಮುಂದುವರಿಕೆಯದು. ಡಿಸ್ಟ್ರಿಬ್ಯೂಟರ್ ಇದ್ದಾಗ ಟೈಮಿಂಗಿನ ವಕ್ರರೇಖೆಯನ್ನು ಒಳಗಿನ ಎರಡು ತೂಕ, ಎರಡು ಸ್ಪ್ರಿಂಗು, ಒಂದು ವ್ಯಾಕ್ಯೂಮ್ ಡಬ್ಬಿ ಬರೆಯುತ್ತಿದ್ದವು. ಉಸ್ತಾದ್ ಅದನ್ನು ಇಡಿಯಾಗಿ ಹಿಂದೆ ಮುಂದೆ ಸರಿಸಬಲ್ಲವರಾಗಿದ್ದರು. ಅದರ ಆಕಾರ ಬದಲಾಯಿಸಲು ಸ್ಪ್ರಿಂಗ್ ಬದಲಾಯಿಸಬೇಕಿತ್ತು, ಅದಕ್ಕೆ ಬಿಡಿ ಸ್ಪ್ರಿಂಗ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಈಗ ಆ ಆಕಾರದ ಪ್ರತಿ ಚುಕ್ಕೆಯೂ ಕೈಗೆ ಸಿಕ್ಕಿದೆ. ಕಿವಿಗೆ ಸಂಬಳ ಹೆಚ್ಚಿದೆ, ಕೆಲಸ ಹೋಗಿಲ್ಲ.

ಕಿವಿಯ ಕೆಲಸ ನಿಜವಾಗಿ ಎಲ್ಲಿ ಬೇಕು ಎಂದರೆ ನಾಕಿಂಗ್ ಹಿಡಿಯುವಲ್ಲಿ. ಐವತ್ತು ಮಿಲಿಮೀಟರ್ ಉದ್ದದ ಒಂದು ತಾಮ್ರದ ಪೈಪ್ ತುಂಡು ತೆಗೆದುಕೊಂಡು, ಒಂದು ತುದಿ ಚಪ್ಪಟೆ ಬಡಿದು, ತೂತು ಕೊರೆದು, ಎಂಜಿನ್ ಬ್ಲಾಕಿನ ಬೋಲ್ಟಿಗೆ ಬಿಗಿಯಿರಿ. ಇನ್ನೊಂದು ತುದಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಕಾರಿನೊಳಗೆ ಎಳೆದು ತಂದು, ಫ್ಯಾಕ್ಟರಿಯವರು ಹಾಕಿಕೊಳ್ಳುವ ಇಯರ್‌ಮಫ್‌ಗೆ ಜೋಡಿಸಿ. ಕಿವಿಗೆ ಹಾಕಿಕೊಂಡರೆ ಬ್ಲಾಕಿನ ಒಳಗೇ ಕೂತ ಹಾಗಿರುತ್ತದೆ. 74 ಮಿಲಿಮೀಟರ್ ಬೋರಿನ ಎಂಜಿನ್ನಿನಲ್ಲಿ ನಾಕಿಂಗ್ ಮೊಳಗುವುದು ಏಳೆಂಟು ಸಾವಿರ ಹರ್ಟ್ಝ್ ಆಚೀಚೆ. ಉಳಿದ ಗದ್ದಲದ ನಡುವೆ ಗಾಜಿನ ಮೇಲೆ ಮರಳು ಎರಚಿದಂಥ ಸಣ್ಣ ಕಿರುಚು. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಆ ಸದ್ದು ಬಂದ ಹೊತ್ತನ್ನು ಲಾಗಿನಲ್ಲಿ ಗುರುತು ಹಾಕಿದರೆ ಯಾವ ಚೌಕದಲ್ಲಿ ಬಂತು ಎಂದು ಗೊತ್ತಾಗುತ್ತದೆ. ಉಸ್ತಾದರ ಸ್ಕ್ರೂಡ್ರೈವರ್ ಮತ್ತು ಹುಡುಗನ ಲ್ಯಾಪ್‌ಟಾಪ್ ಕೂಡಿ ಮಾಡುವ ಕೆಲಸ ಇದು. ಒಬ್ಬ ಓಡಿಸಬೇಕು, ಇನ್ನೊಬ್ಬ ಕೇಳಬೇಕು ಎಂಬುದು ಬೇರೆ ಹೇಳಬೇಕಿಲ್ಲ ತಾನೇ? ಹೇಳಿಬಿಡುತ್ತೇನೆ: ಸ್ಟಿಯರಿಂಗ್ ಹಿಡಿದವನ ಕಣ್ಣು ಪರದೆಯ ಮೇಲೆ ಹೋಗಬಾರದು, ಕಿವಿಗೂ ಏನೂ ಹಾಕಿಕೊಳ್ಳಬಾರದು.

ಕಾನೂನಿನ ವಾದದಲ್ಲಿ ನಾನು ಎದುರು ಪಕ್ಷ. ‘ರಸ್ತೆಯಲ್ಲಿ ಓಡುವ ಕಾರಿನ ಎಂಜಿನ್ ಬದಲಾಯಿಸುವುದೇ ತಪ್ಪು, ಇನ್ನು ಟ್ಯೂನಿಂಗ್ ಎಲ್ಲಿಯದು’ ಎಂದರೆ ಹೌದು, ತಪ್ಪೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಾಗೆಂದೇ ಹೇಳುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿತು. ಆದ್ದರಿಂದ ಟ್ಯೂನಿಂಗ್ ಆಗಬೇಕಾದದ್ದು ಟ್ರ್ಯಾಕಿನಲ್ಲಿ, ಮುಚ್ಚಿದ ಜಾಗದಲ್ಲಿ, ಟ್ರೇಲರಿನ ಮೇಲೆ ಹೋಗಿ ಬರುವ ಕಾರಿಗೆ. ನೈಸ್ ರಸ್ತೆಯಲ್ಲಿ ಮಧ್ಯರಾತ್ರಿ ಲ್ಯಾಪ್‌ಟಾಪ್ ಹಿಡಿದು ಕೂರುವವರ ಪರವಾಗಿ ಒಂದು ಮಾತೂ ಆಡಲಾರೆ.

ಹೊಗೆಯ ವಿಷಯ ಮಾತ್ರ ಸ್ವಲ್ಪ ಬೇರೆ. ‘ನಿಮ್ಮಂಥವರಿಂದಲೇ ಮಾಲಿನ್ಯ’ ಎನ್ನುವವರು ಸೈಲೆನ್ಸರಿನಿಂದ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೊಗೆದು ಪಟಾಕಿ ಹೊಡೆಸುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವರ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಪೆಟ್ರೋಲ್ ಅತಿಯಾದಾಗ, ಉರಿಯದ ಪೆಟ್ರೋಲ್ ಹೊರಬರುವುದು ಮಿಸ್ ಹೊಡೆದಾಗ. ಹೊಗೆ ತಪಾಸಣೆಯವರು ಪೈಪಿಗೆ ಕೊಳವೆ ಇಟ್ಟು ನೋಡುವುದು ನಿಂತ ಕಾರನ್ನು. ಓಡುವಾಗ ಪೆಟ್ರೋಲ್ ಅತಿಯಾಗುತ್ತಿದೆಯೇ ಎಂದು ಪ್ರತಿ ಚೌಕದಲ್ಲೂ ಕಾಣುವುದು ವೈಡ್‌ಬ್ಯಾಂಡ್ ಇಟ್ಟುಕೊಂಡವನಿಗೆ. ಬದಲಾಯಿಸಿ, ಸರಿಯಾಗಿ ಟ್ಯೂನ್ ಮಾಡದೆ ಬಿಟ್ಟ ಎಂಜಿನ್ನಿಗಿಂತ ಕೊಳಕಾದ ಎಂಜಿನ್ ಬೇರೆ ಇಲ್ಲ.

‘ಇನ್ನೇನು ಎಲ್ಲ ಎಲೆಕ್ಟ್ರಿಕ್ ಆಗುತ್ತೆ, ಈ ವಿದ್ಯೆ ಯಾಕೆ’ ಎಂಬ ಮಾತಿಗೆ ಉತ್ತರ ಕೊಡುವುದಿಲ್ಲ. ವೀಣೆ ಕಲಿಯುವವರನ್ನು ಯಾರೂ ಹೀಗೆ ಕೇಳುವುದಿಲ್ಲ.

‘ಸ್ವಂತ ಟ್ಯೂನಿಂಗ್ ದುಬಾರಿ’ ಎಂಬ ಖರ್ಚಿನ ಮಾತು ಹಿಂದೆ ನಿಜವಾಗಿತ್ತು, ಈಗ ಅಷ್ಟಿಲ್ಲ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬಿಬ್ಬರು ಮೆಗಾಸ್ಕ್ವರ್ಟ್ ಎಂಬ ಇಸಿಯುವನ್ನು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುವ ಹಾಗೆ ಹೊರತಂದರು. ಸಾವಿರಾರು ಹವ್ಯಾಸಿಗಳು ಟ್ಯೂನಿಂಗ್ ಕಲಿತದ್ದು ಅದರ ಮೇಲೆ. ಆಮೇಲೆ ಆಸ್ಟ್ರೇಲಿಯಾದಿಂದ ಬಂದ ಸ್ಪೀಡುಯಿನೊ ಇನ್ನೂ ಸರಳ. ಅದರ ಮಿದುಳು ಒಂದು ಆರ್ಡುಯಿನೊ ಮೆಗಾ ಬೋರ್ಡು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪ್ರಾಜೆಕ್ಟಿಗೆಂದು ಕೊಳ್ಳುವ ಅದೇ ಬೋರ್ಡು. ಅದರ ನಕ್ಷೆ, ಪ್ರೋಗ್ರಾಂ ಎರಡೂ ಬಯಲಾಗಿ ಇವೆ, ಯಾರು ಬೇಕಾದರೂ ಓದಬಹುದು. ಬೋರ್ಡಿಗೆ ಎಸ್.ಪಿ. ರಸ್ತೆ, ಇಂಜೆಕ್ಟರಿಗೆ ಪಕ್ಕದ ಜೆ.ಸಿ. ರಸ್ತೆ, ಆಟೊ ಹಿಡಿಯುವ ಅಗತ್ಯವೂ ಇಲ್ಲ. ವೈಡ್‌ಬ್ಯಾಂಡ್ ಒಂದರಲ್ಲಿ ಮಾತ್ರ ಜಿಪುಣತನ ಬೇಡ, ನಕಲಿ ಸೆನ್ಸರ್ ಉಳಿಸುವ ಹಣವನ್ನು ಪಿಸ್ಟನ್ನಿಗೆ ಕೊಡಬೇಕಾಗುತ್ತದೆ.

ಕೊನೆಗೆ ಉಳಿಯುವ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಹೇಳುವವರೂ ತಿಳಿದವರೇ: ‘ವೃತ್ತಿಯವನು ನೂರಾರು ಎಂಜಿನ್ ನೋಡಿರುತ್ತಾನೆ. ನೀನು ನೋಡಿದ್ದು ಒಂದು.’

ಸರಿ. ನೂರು ಎಂಜಿನ್ ನೋಡಿದವನ ಕಣ್ಣಿಗೆ ಬದಲಿ ಇಲ್ಲ. ಹಾಗಾಗಿ ಅವನ ಬಳಿ ಹೋಗಿ. ಆದರೆ ಕಲಿತು ಹೋಗುವುದಕ್ಕೂ ಕಲಿಯದೆ ಹೋಗುವುದಕ್ಕೂ ವ್ಯತ್ಯಾಸ ನೋಡಿ. ಕಲಿಯದವನು ಕೀ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂರುತ್ತಾನೆ. ಸಂಜೆ ಒಂದು ಟಾರ್ಕ್ ಗೆರೆಯ ಪ್ರಿಂಟ್, ಒಂದು ಬಿಲ್ ಸಿಗುತ್ತದೆ. ಕಲಿತವನು ಟೈಮಿಂಗ್ ಲೈಟ್ ಹಿಡಿದು ನೋಡಿಕೊಂಡು, ಐಡ್ಲಿಂಗ್, ಕೋಲ್ಡ್ ಸ್ಟಾರ್ಟ್, ಅರ್ಧ ಎಕ್ಸಲೇಟರ್ ಎಲ್ಲ ಸರಿ ಮಾಡಿಕೊಂಡು, ತನ್ನ ಲಾಗುಗಳೊಂದಿಗೆ ಹೋಗುತ್ತಾನೆ. ಡೈನೋದ ಎರಡು ಗಂಟೆ ಪೂರ್ತಿ ಟೈಮಿಂಗಿಗೇ ಸಿಗುತ್ತದೆ, ವೃತ್ತಿಯವನಿಗೂ ಕೆಲಸ ಹಗುರ. ನನಗೆ ಗೊತ್ತಿರುವ ಒಳ್ಳೆಯ ಟ್ಯೂನರುಗಳು ಇಂಥ ಗಿರಾಕಿಯನ್ನು ಕಂಡರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಕುರ್ಚಿ ಹಾಕದವರೂ ಇದ್ದಾರೆ. ಇಸಿಯುಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿದು ವಾಪಸು ಕೊಡುತ್ತಾರೆ. ಕೇಳಿದರೆ ‘ನಮ್ಮ ಶ್ರಮ ಸಾರ್, ಕಾಪಿ ಹೊಡೀತಾರೆ’ ಎನ್ನುತ್ತಾರೆ. ಶ್ರಮಕ್ಕೆ ಬೆಲೆ ತೆಗೆದುಕೊಳ್ಳಲಿ, ಬೇಕಾದರೆ ದುಪ್ಪಟ್ಟು ತೆಗೆದುಕೊಳ್ಳಲಿ, ಚೌಕಾಸಿ ಮಾಡುವುದಿಲ್ಲ. ಆದರೆ ಆ ಕೋಷ್ಟಕದಲ್ಲಿ ಇರುವುದು ನನ್ನ ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತು, ನನ್ನ ಕ್ರ್ಯಾಂಕಿನ ಹಲ್ಲುಚಕ್ರದ ಕೋನ, ನನ್ನ ಸಿಲಿಂಡರಿಗೆ ಬರುವ ಗಾಳಿ. ಬೀಗ ಹಾಕಿದ ಮ್ಯಾಪ್ ಹೊತ್ತ ಕಾರು ಘಟ್ಟ ಇಳಿದರೆ ತಿದ್ದುವ ದಾರಿಯೇ ಇಲ್ಲ; ಟ್ಯೂನರ್ ಅಂಗಡಿ ಮುಚ್ಚಿದರೆ ಆ ಮ್ಯಾಪನ್ನೇ ಎಸೆಯಬೇಕು. ಅದಕ್ಕೇ ಕಾರು ಬಿಡುವ ಮೊದಲೇ ಕೇಳಿ ಬರೆಸಿಕೊಳ್ಳಿ: ಮ್ಯಾಪಿನ ಫೈಲು ಪೆನ್‌ಡ್ರೈವಿನಲ್ಲಿ ಬೇಕು, ಡೈನೋದ ಪ್ರತಿ ಓಟದ ಲಾಗ್ ಬೇಕು, ಯಾವ ಬಂಕಿನ ಯಾವ ಪೆಟ್ರೋಲಿನಲ್ಲಿ ಮಾಡಿದ್ದು, ಆ ದಿನದ ಗಾಳಿಯ ಒತ್ತಡ ಎಷ್ಟಿತ್ತು ಎಂಬುದು ಬೇಕು. ಕೊಡುವುದಿಲ್ಲ ಎಂದರೆ ಕೀ ವಾಪಸು ಇಸಿದುಕೊಳ್ಳಿ.